ಏಳನೇ ವಿಷಯ

ಒಲಾಬೋಡೆಗೆ ಆ ದಿನ ಗ್ರಹಚಾರ ಒಕ್ಕರಿಸಿದ್ದು ಚೀಫ್ ಒಡುನ್ಲಾಮಿಯವರ ಅತ್ತೆಯ ರೂಪದಲ್ಲಿ. ಚೀಫ್ ನಮ್ಮ ಬಿಸ್ಕತ್ತು ಕಂಪನಿಯ ಅಧ್ಯಕ್ಷರು. ಆ ಮುದುಕಿ ಸರಿಯಾಗಿ ಬೋರ್ಡ್ ಮೀಟಿಂಗಿನ ಹಿಂದಿನ ದಿನವೇ ಕಣ್ಣು ಮುಚ್ಚಿದರು. ಅಧ್ಯಕ್ಷರ ಅತ್ತೆಗೆ ಸಂತಾಪ ಸೂಚಿಸದೆ ಸಭೆ ಮುಂದುವರಿಯುವುದುಂಟೆ? ಕಾರ್ಯಸೂಚಿಯ ಎರಡನೇ ಜಾಗದಲ್ಲಿ ಸಂತಾಪ ಬಂದು ಕೂತಿತು, ಉಳಿದದ್ದೆಲ್ಲ ಒಂದೊಂದು ಮೆಟ್ಟಿಲು ಕೆಳಗೆ ಸರಿಯಿತು. ಆರನೆಯದಾಗಿದ್ದ ಹವಾಮಾನದ ಅಪಾಯ ಏಳನೆಯದಾಯಿತು.

ಲಾಗೋಸಿನಲ್ಲಿ ಚರ್ಚಿನ ಸಭೆಯಿರಲಿ, ಕಂಪನಿಯ ಸಭೆಯಿರಲಿ, ಏಳನೇ ವಿಷಯವೆಂದರೆ ಊಟ. ಹಾಗಂತ ಯಾವ ಕಾನೂನೂ ಹೇಳಿಲ್ಲ. ಆದರೆ ಬೇರೆಲ್ಲ ಕಾನೂನು ಮುರಿಯುವವರೂ ಇದೊಂದನ್ನು ಮುರಿಯುವುದಿಲ್ಲ. ಕಂಪನಿಯ ಕಾರ್ಯದರ್ಶಿ ಒಲಾಬೋಡೆಗೆ ಇದು ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಹವಾಮಾನವನ್ನು ಒಂದು ಸ್ಥಾನ ಮೇಲಕ್ಕೆ ಹತ್ತಿಸಲು ಬೆಳಿಗ್ಗೆಯಿಂದ ಓಡಾಡುತ್ತಿದ್ದ.

ಕಾರ್ಖಾನೆಯಿದ್ದದ್ದು ಹಿನ್ನೀರಿನ ದಂಡೆಯಲ್ಲಿ. ಜನರೇಟರಿನ ಸದ್ದು ಬೋರ್ಡ್ ರೂಮಿಗೆ ಕೇಳಬಾರದೆಂದು ಅದನ್ನು ಹಿತ್ತಲಿನ ತಗ್ಗಿನಲ್ಲಿಟ್ಟಿದ್ದರು. ಹೋದ ಮಳೆಗಾಲದಲ್ಲಿ ಅಲ್ಲಿಗೆ ನೀರು ನುಗ್ಗಿ, ಕರೆಂಟು ಹರಿದು, ಪಕ್ಕದ ಶೆಡ್ಡಿನಲ್ಲಿ ಕಾವಲಿಗಿದ್ದ ಬಾಬಾ ರಿಸಿ ಕುರ್ಚಿಯಿಂದ ಏಳುವ ಮೊದಲೇ ಸತ್ತುಹೋದ. ಅವನ ಹೆಂಡತಿ ಇಯಾ ರಿಸಿಗೆ ಪರಿಹಾರವೆಂದು ಕಂಪನಿ ಕೊಟ್ಟದ್ದು ಬೋರ್ಡಿನವರಿಗೆ ಅಡುಗೆ ಮಾಡುವ ಕೆಲಸ. "ಈ ಸಲ ಜನರೇಟರ್ ಮೇಲಕ್ಕೆ ಎತ್ತಿಸೇ ಎತ್ತಿಸ್ತೀನಿ ತಾಯಿ" ಎಂದು ಒಲಾಬೋಡೆ ಆಕೆಗೆ ಮಾತು ಕೊಟ್ಟಿದ್ದ. ಹವಾಮಾನದ ಅಪಾಯ ಎಂದು ಕಾರ್ಯಸೂಚಿಗೆ ಹಾಕಿದ್ದೂ ಅದನ್ನೇ. ಇವತ್ತು ತೀರ್ಮಾನವಾಗದಿದ್ದರೆ ಮುಂದಿನ ಸಭೆ ಮಳೆಗಾಲ ಮುಗಿದ ಮೇಲೆಯೇ.

ಅವನು ಮೊದಲು ಹಿಡಿದದ್ದು ಬೋರ್ಡಿನ ಸದಸ್ಯ ಇಂಜಿನಿಯರ್ ಎಝೆನ್ವಾರನ್ನು. ಬೋರ್ಡ್ ರೂಮಿಗೆ ಹೊಸ ಕಾರ್ಪೆಟ್ ಹಾಸುವ ವಿಷಯ ಅವರದು.

"ಸಾರ್, ತಮ್ಮ ಕಾರ್ಪೆಟ್ಟನ್ನ ಒಂದು ಸ್ಥಾನ ಕೆಳಗಿಳಿಸಬಹುದಾ?"

"ಯಾಕಪ್ಪಾ?"

"ನೀರು ಬರತ್ತೆ ಸಾರ್."

"ನೀರು ಬಂದ್ರೆ ಒರೆಸಕ್ಕೆ ಕಾರ್ಪೆಟ್ ಬೇಡ್ವಾ? ಏನ್ ಓದಿದ್ದೀಯೋ ನೀನು!"

ಇನ್ನೊಬ್ಬ ಸದಸ್ಯೆ ಅಲ್ಹಾಜಾ ಮುಯಿಬತ್‌ರನ್ನು ಕೇಳಿದ. ಕಂಪನಿಯ ಕ್ಯಾಲೆಂಡರಿನಲ್ಲಿ ಯಾರ ಫೋಟೋ ಬರಬೇಕೆಂಬುದು ಆಕೆಯ ವಿಷಯ.

"ನೋಡು ಮಗಾ, ಹವಾಮಾನ ಅನ್ನೋದು ದೇವರ ಕೈಲಿದೆ. ಕ್ಯಾಲೆಂಡರ್ ಪ್ರೆಸ್ಸಿನೋನ ಕೈಲಿದೆ. ದೇವರು ಕಾಯ್ತಾನೆ, ಪ್ರೆಸ್ಸಿನೋನು ಕಾಯಲ್ಲ" ಎಂದರು ಅಲ್ಹಾಜಾ.

ಸಭೆ ಶುರುವಾಯಿತು. ಪ್ರಾರ್ಥನೆಯೇ ಒಂದು ಪ್ರಯಾಣದಷ್ಟು ಉದ್ದವಿತ್ತು. ಸತ್ತ ಅತ್ತೆಯ ಗುಣಗಾನ ಮಾಡುತ್ತ ಚೀಫ್ ಗದ್ಗದಿತರಾದರು. ಆಕೆ ಬದುಕಿದ್ದಾಗ ಒಂದು ದಿನವೂ ಮಾತಾಡಿಸಿರಲಿಲ್ಲ. ಕಾರ್ಪೆಟ್ ಕೆಂಪು ಬಣ್ಣದ್ದೋ ಕಂದು ಬಣ್ಣದ್ದೋ ಎಂದು ಸದಸ್ಯರು ಕೈ ಕೈ ಮಿಲಾಯಿಸುವುದೊಂದು ಬಾಕಿ. ಕೊನೆಗೆ ಚೀಫ್ ಕನ್ನಡಕ ಸರಿಮಾಡಿಕೊಂಡು, "ಏಳನೇ ವಿಷಯ" ಎಂದರು.

ಕುರ್ಚಿಗಳು ಹಿಂದೆ ಸರಿದವು. ಎಲ್ಲರೂ ಎದ್ದು ನಿಂತು ಊಟಕ್ಕೆಂದು ಅಂಗಿಯ ತೋಳು ಮಡಚಿದರು. ಬಾಗಿಲು ತೆರೆದು ಇಯಾ ರಿಸಿ ಜೊಲ್ಲೊಫ್ ಅನ್ನದ ಪಾತ್ರೆ ಹೊತ್ತು ಬಂದಳು.

"ಕೂತ್ಕೊಳ್ಳಿ ಓಗಾ! ಇವತ್ತು ಏಳನೆಯದು ಊಟ ಅಲ್ಲ, ಹವಾಮಾನ!" ಎಂದು ಒಲಾಬೋಡೆ ಕೂಗಿದ.

ಯಾರೂ ಕೂರಲಿಲ್ಲ.

"ಊಟಕ್ಕೆ ಅಡ್ಡ ಬರೋ ಅಂಥ ಹವಾಮಾನ ಯಾವುದಯ್ಯಾ?" ಎಂದರು ಚೀಫ್, ಓಗಾ ಎಂದರೆ ಯಜಮಾನ ಎಂಬುದಕ್ಕೆ ತಕ್ಕ ಗತ್ತಿನಲ್ಲಿ. "ನಮ್ಮಪ್ಪನ ಕಾಲದಿಂದ ಮಳೆ ಬರ್ತಾ ಇದೆ. ನಾವು ತಿಂತಾ ಇದ್ದೀವಿ."

"ಓಗಾ, ಜನರೇಟರ್ ಒಂದನ್ನ ಮೇಲೆತ್ತಿಸಿ ಸಾಕು..."

"ತಿಂದ್ಮೇಲೆ ಎತ್ತೋಣ. ಖಾಲಿ ಹೊಟ್ಟೇಲಿ ಯಾರ ಕೈಲಿ ಎತ್ತಕ್ಕಾಗತ್ತೆ?" ಎಂದು ಇಂಜಿನಿಯರ್ ಮೇಕೆ ಮಾಂಸಕ್ಕೆ ಕೈ ಹಾಕಿದರು. ಎಲ್ಲರೂ ನಕ್ಕರು. ಇಯಾ ರಿಸಿ ಮಾತ್ರ ನಗಲಿಲ್ಲ. ಒಲಾಬೋಡೆಯ ಮುಖವನ್ನು ಒಮ್ಮೆ ನೋಡಿ, ಬಡಿಸತೊಡಗಿದಳು.

ಮೊದಲ ತುತ್ತು ಬಾಯಿಗೆ ಹೋಗುವಷ್ಟರಲ್ಲಿ ಮಳೆ ಬಿತ್ತು. ಬಿತ್ತೆಂದರೆ ಹೇಗೆ, ಮೇಲಿಂದ ಯಾರೋ ಟ್ಯಾಂಕರ್ ಮಗುಚಿದ ಹಾಗೆ. ಎರಡನೇ ಸಲ ಬಡಿಸುವ ಹೊತ್ತಿಗೆ ಬಾಗಿಲಿನ ಕೆಳಗಿಂದ ನೀರು ಒಳಗೆ ಬಂತು. ಯಾರ ಅಪ್ಪಣೆಯನ್ನೂ ಕೇಳದೆ ಮೇಜಿನ ಕೆಳಗೆ ನುಸುಳಿ ಅಲ್ಹಾಜಾರ ಚಿನ್ನದ ಬಣ್ಣದ ಚಪ್ಪಲಿಯನ್ನು ಎತ್ತಿಕೊಂಡು ಹೊರಟಿತು.

"ಅಯ್ಯೋ, ಹಾವು!" ಎಂದು ಇಂಜಿನಿಯರ್ ಮೇಜು ಹತ್ತಿದರು. ಅದು ಕಾರ್ಪೆಟ್ಟಿನ ಸ್ಯಾಂಪಲ್ಲು. ಆದರೂ ಅವರು ಇಳಿಯಲಿಲ್ಲ. ಉಳಿದವರೂ ತಟ್ಟೆ ಸಮೇತ ಹತ್ತಿದರು. ಚೀಫ್ ಮಾತ್ರ ಅಧ್ಯಕ್ಷರ ಕುರ್ಚಿ ಬಿಡಲೊಲ್ಲದೆ ಅದರ ಮೇಲೆಯೇ ನಿಂತರು.

ಒಲಾಬೋಡೆಗೆ ತಗ್ಗು ನೆನಪಾಯಿತು. ಓಡಿದ. ತಗ್ಗಿನಲ್ಲಿ ಮೊಣಕಾಲಿನವರೆಗೆ ನೀರು, ನಡುವೆ ಜನರೇಟರ್ ಗುಡುಗುಡು ಅನ್ನುತ್ತಲೇ ಇತ್ತು. ಸ್ವಿಚ್ಚಿನ ಬಳಿ ಹೋಗುವಾಗ ಅವನಿಗೆ ಹೆದರಿಕೆಯಿಂದ ಅಳುವೇ ಬಂತು. ಒಣ ಕೋಲಿನಿಂದ ಸ್ವಿಚ್ಚನ್ನು ಕೆಳಗೆ ತಳ್ಳಿದ. ಸದ್ದು ನಿಂತಿತು. ಬದುಕಿದ್ದೇನೆಂದು ಖಾತ್ರಿಯಾಗಲು ಸ್ವಲ್ಪ ಹೊತ್ತು ಬೇಕಾಯಿತು.

ವಾಪಸು ಬಂದಾಗ ಕತ್ತಲ ಕೋಣೆಯಲ್ಲಿ ಚೀಫ್ ಕುರ್ಚಿಯ ಮೇಲೆ ನಿಂತೇ ಭಾಷಣ ಮಾಡುತ್ತಿದ್ದರು.

"ಒಲಾಬೋಡೆ ಹೇಳಿದ್ದು ನಿಜ! ಹವಾಮಾನದ ಅಪಾಯ ನಮ್ಮ ಕಾಲಿನ ಬುಡಕ್ಕೇ ಬಂದಿದೆ. ಇನ್ನು ತಡ ಮಾಡೋ ಹಾಗಿಲ್ಲ. ದೂರದೃಷ್ಟಿ ಇರಬೇಕು! ಏನಂತೀರಿ?"

"ಮಾಡಲೇಬೇಕು!" ಎಂದರು ಎಲ್ಲರೂ ಮೇಜಿನ ಮೇಲಿಂದ. ಒಲಾಬೋಡೆಗೆ ಕಣ್ಣು ತುಂಬಿ ಬಂತು.

"ಈ ಕಂಪನೀಲಿ ಕಳಕೊಳ್ಳಬಾರದ್ದು ಯಾವುದಿದೆಯೋ, ಅದು ಇವತ್ತೇ ಮೇಲಿನ ಮಹಡಿಗೆ ಹೋಗ್ಬೇಕು."

"ಹೋಗ್ಬೇಕು!"

"ಸರ್ವಾನುಮತ" ಎಂದರು ಚೀಫ್. ಮೂಲೆಯಲ್ಲಿ ನಿಂತಿದ್ದ ಇಯಾ ರಿಸಿಯ ಕಡೆ ಒಲಾಬೋಡೆ ಗೆದ್ದವನಂತೆ ತಲೆಯಾಡಿಸಿದ.

ಸಂಜೆಗೆ ನೀರು ಇಳಿಯಿತು. ಕೂಲಿಗಳು ಬಂದರು. ಮೇಲಿನ ಮಹಡಿಗೆ ಮೊದಲು ಹೋದದ್ದು ಬೋರ್ಡಿನ ಮೇಜು, ಆಮೇಲೆ ಅಧ್ಯಕ್ಷರ ಕುರ್ಚಿ, ಆಮೇಲೆ ಜೊಲ್ಲೊಫ್ ಪಾತ್ರೆ.

"ಓಗಾ, ಮೇಲಿರೋದು ನನ್ನ ಆಫೀಸಲ್ವಾ?" ಎಂದ ಒಲಾಬೋಡೆ ಗಾಬರಿಯಾಗಿ. "ಜನರೇಟರ್?"

"ಅದನ್ನ ಮೇಲಿಟ್ರೆ ಸದ್ದಿಗೆ ನಾವು ಮೀಟಿಂಗ್ ಮಾಡೋದು ಹ್ಯಾಗಯ್ಯಾ?" ಚೀಫ್ ಅವನ ಹೆಗಲ ಮೇಲೆ ಕೈಯಿಟ್ಟರು. "ಇವತ್ತಿಂದ ನೀನು ನಮ್ಮ ಹವಾಮಾನ ಅಪಾಯದ ಅಧಿಕಾರಿ. ನೀರು ಬರೋದು ಮೊದಲು ಯಾರಿಗೆ ಗೊತ್ತಾಗ್ಬೇಕು? ನಿನಗೆ ತಾನೇ? ಸರಿಯಾದ ಜಾಗ ನೋಡಿದ್ದೀವಿ, ಜನರೇಟರ್ ಪಕ್ಕದ ಶೆಡ್ಡು. ಆ ಕಾವಲಿನವನು ಸತ್ತಾಗಿಂದ ಅಲ್ಲಿಗೆ ಯಾರೂ ಹೋಗ್ತಿರಲಿಲ್ಲ."

ಅವನ ಮೇಜನ್ನು ಕೂಲಿಗಳು ಆಗಲೇ ತಗ್ಗಿಗೆ ಇಳಿಸುತ್ತಿದ್ದರು. ಕುರ್ಚಿ ಬೇಕಾಗಲಿಲ್ಲ, ಅಲ್ಲಿ ಒಂದಿತ್ತು.

ಕತ್ತಲಾಗುವ ಮುಂಚೆ ಇಯಾ ರಿಸಿ ಉಳಿದ ಅನ್ನವನ್ನು ತಟ್ಟೆಯಲ್ಲಿ ಹಾಕಿಕೊಂಡು ಶೆಡ್ಡಿನ ಬಾಗಿಲಿಗೆ ಬಂದಳು. ಗಂಡನ ಕುರ್ಚಿಯಲ್ಲಿ ಕೂತಿದ್ದ ಕಾರ್ಯದರ್ಶಿಯನ್ನು ಬಹಳ ಹೊತ್ತು ನೋಡಿದಳು.

"ಏಳನೇ ವಿಷಯ ಪಾಸಾಯ್ತಾ ಮಗಾ?"

"ಆಯ್ತು ತಾಯಿ" ಎಂದ ಒಲಾಬೋಡೆ. ಅವನ ಬೆನ್ನ ಹಿಂದೆ ಯಾರೋ ಜನರೇಟರ್ ಚಾಲೂ ಮಾಡಿದರು.

ಆಕೆ ತಟ್ಟೆಯನ್ನು ಅವನ ಕೈಗಿಟ್ಟು, "ಕಾಲು ಮೇಲಿಟ್ಕೊಂಡು ತಿನ್ನು" ಎಂದಳು.