ಕೊಬ್ಬರಿ ಮಿಠಾಯಿಯ ಕಳೆಯುವ ಲೆಕ್ಕ

ನಾನು ಓದಿದ್ದು ಬಸರಾಳಿನಲ್ಲಿ ಎರಡನೇ ಕ್ಲಾಸು. ಆದರೂ ನಮ್ಮ ಮದ್ದೂರಿನ ಮನೆಯಲ್ಲಿ ಗಣಿತದ ಮಹಾಪಂಡಿತೆ ಯಾರು ಎಂದರೆ ನಾನೇ! ಒಂಬತ್ತನೇ ಕ್ಲಾಸಿನ ಮೊಮ್ಮಗಳು ಪ್ರಿಯಾಂಕ ಮೊಬೈಲಿನಲ್ಲಿ ಪಾಠ ಕೇಳುವಾಗ ನಾನು ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿಯುತ್ತೇನೆ. ಕೈ ಅವರೆಕಾಯಿಗೆ, ಕಿವಿ ಮೇಷ್ಟರಿಗೆ. ಅವರೆಕಾಯಿಯ ಕಾಲ ಮುಗಿಯುವಷ್ಟರಲ್ಲಿ ಭಿನ್ನರಾಶಿ ನನಗೆ ಬಂದುಬಿಟ್ಟಿತು. ಗೆರೆಯ ಕೆಳಗಿನದು ಛೇದ. ಎರಡೂ ಕಡೆ ಅದು ಒಂದೇ ಆಗಿದ್ದರೆ ಅದನ್ನು ಮುಟ್ಟಕೂಡದು, ಮೇಲಿನದನ್ನಷ್ಟೇ ಕಳೆಯಬೇಕು. ಇಷ್ಟಕ್ಕೆ ಮೇಷ್ಟರು ಯಾಕೆ? ನಾನೇ ಕಲಿಸುತ್ತೇನೆ ಎಂದು ತೀರ್ಮಾನಿಸಿದೆ.

ಅವತ್ತು ಬೆಸಗರಹಳ್ಳಿಯಲ್ಲಿ ಸೊಸೆ ಕವಿತಳ ತಂಗಿಗೆ ಸೀಮಂತ. ಮಂಡಿನೋವಿನಿಂದ ಮೂರು ತಿಂಗಳು ಹೊಸ್ತಿಲು ದಾಟದಿದ್ದ ನಾನು ಬೆಳಿಗ್ಗೆ ಆರಕ್ಕೇ ರೇಷ್ಮೆ ಸೀರೆ ಉಟ್ಟು ಆರತಿ ಹಾಡು ಗುನುಗುತ್ತ ಕೂತಿದ್ದೆ. ಹೋಗಲೇಬೇಕು, ಹಾಡಲೇಬೇಕು! ಕವಿತ ಕೊಬ್ಬರಿ ಮಿಠಾಯಿಯ ತಟ್ಟೆ ತಂದು ನನ್ನ ಮುಂದಿಟ್ಟಳು. ಇಪ್ಪತ್ತೊಂದಿದೆ, ಶುಭಕಾರ್ಯಕ್ಕೆ ಬೆಸ ಸಂಖ್ಯೆಯೇ ಆಗಬೇಕು, ಜೋಪಾನ ಎಂದು ಹೇಳಿ ಸ್ನಾನಕ್ಕೆ ಹೋದಳು.

ಪ್ರಿಯಾಂಕ ಲೆಕ್ಕದ ಪುಸ್ತಕದ ಮುಂದೆ ಮುಖ ಊದಿಸಿಕೊಂಡಿದ್ದಳು. ಬ್ರಾಕೆಟ್ಟಿನ ಮುಂದೆ ಮೈನಸ್ಸು ಬಂದರೆ ಒಳಗಿನ ಮೊದಲನೆಯದನ್ನು ಕಳೆದು, ಎರಡನೆಯದನ್ನು ಕೂಡಿಸಿಬಿಡುವುದು ಅವಳ ಚಾಳಿ. ನನ್ನೊಳಗಿನ ಮೇಡಂ ಎದ್ದು ನಿಂತಳು! ತಟ್ಟೆಯೇ ಛೇದ, ಇಪ್ಪತ್ತೊಂದು. ಮೇಲೆಯೂ ಇಪ್ಪತ್ತೊಂದು, ಅದರಿಂದ ಬ್ರಾಕೆಟ್ಟಿನಲ್ಲಿ ನಾಲ್ಕು ಕೂಡಿಸು ಎರಡು ಕಳೆಯಬೇಕು. ಎರಡನ್ನು ನಾನು ಹಿಡಿದೆ. ನಾಲ್ಕನ್ನು ನಮ್ಮ ಯಜಮಾನರು ಹೊನ್ನಯ್ಯನವರ ಕೈಗಿತ್ತೆ. ಸಕ್ಕರೆ ಕಾಯಿಲೆಯವರು, ಸಿಹಿ ಮುಟ್ಟುವಂತಿಲ್ಲ. ಅವರ ಕೈಗಿಂತ ಭದ್ರವಾದ ಜಾಗ ಯಾವುದಿದೆ?

ಪ್ರಿಯಾಂಕ ಹತ್ತೊಂಬತ್ತು ಉಳಿಯುತ್ತದೆ ಎಂದಿದ್ದಳು. ತಟ್ಟೆ ಎಣಿಸಿದರೆ ಹದಿನೈದು! ಅವಳ ಕಣ್ಣು ಅರಳಿತು. ನಾನು ನನ್ನೆರಡನ್ನು ತಟ್ಟೆಗೆ ಹಾಕಿ ಯಜಮಾನರ ಕಡೆ ನೋಡಿದೆ. ಅವರು ಟವೆಲ್ಲಿನಲ್ಲಿ ಮೀಸೆ ಒರೆಸುತ್ತಿದ್ದರು.

"ಸುಮ್ಕೆ ಕೈಲಿ ಹಿಡ್ಕಂಡ್ರೆ ಕಳ್ದಂಗಾಯ್ತದಾ? ಮಗೀಗೆ ಅರ್ತ ಆಗ್ಬೇಕಲ್ವಾ?"

ಸದ್ಯ, ಹದಿನೇಳು. ಬೆಸವೇ!

ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಮುಂದಿನ ಲೆಕ್ಕದಲ್ಲಿ ಎಕ್ಸು ಬಂತು. ಎಕ್ಸು ಅಂದರೆ ಎಷ್ಟೆಂದು ಗೊತ್ತಿಲ್ಲದ್ದು. ಹದಿನೇಳರಿಂದ ಬ್ರಾಕೆಟ್ಟಿನಲ್ಲಿ ಎಕ್ಸು ಕೂಡಿಸು ಒಂದು ಕಳೆಯಬೇಕು. ನಾನು ಒಂದು ತೆಗೆದುಕೊಂಡೆ. ಯಜಮಾನರು, ಎಕ್ಸು ತಮ್ಮ ಜವಾಬ್ದಾರಿ ಎಂದರು. ತಟ್ಟೆ ಎಣಿಸಿದರೆ ಹದಿಮೂರು. ಹಾಗಾದರೆ ಎಕ್ಸು ಮೂರು ಎಂದು ಪ್ರಿಯಾಂಕ ಥಟ್ಟನೆ ಹೇಳಿದಳು. ಆ ಮೂರೂ ಆಗಲೇ ಯಜಮಾನರ ಹೊಟ್ಟೆ ಸೇರಿದ್ದವು. ನನ್ನ ಒಂದನ್ನು ಹಿಂದಕ್ಕಿಟ್ಟೆ. ಹದಿನಾಲ್ಕು. ಅಯ್ಯೋ, ಸಮ! ಶುಭಕಾರ್ಯಕ್ಕೆ ಕೇಡು! ಬೇರೆ ದಾರಿಯಿಲ್ಲದೆ, ಬರೀ ಶಾಸ್ತ್ರದ ಮೇಲಿನ ಭಕ್ತಿಯಿಂದ, ಆ ಒಂದನ್ನು ನಾನೇ ತಿಂದೆ.

ಕವಿತ ತಲೆಗೆ ಟವೆಲ್ಲು ಸುತ್ತಿಕೊಂಡು ಬಂದು ತಟ್ಟೆ ಎಣಿಸಿದಳು. ಇನ್ನೊಮ್ಮೆ ಎಣಿಸಿದಳು.

"ಬೆಸನೇ ಅದೆ ಕಣವ್ವ. ಛೇದ ಇಪ್ಪತ್ತೊಂದೇ. ಅದ್ನ ನಾವ್ ಮುಟ್ಟೇ ಇಲ್ಲ" ಎಂದೆ.

ಅವಳು ಕೂಗಾಡಲಿಲ್ಲ. ಅದೇ ಭಯ ಹುಟ್ಟಿಸಿದ್ದು. ಮಗಳ ಪಕ್ಕ ನಿಧಾನವಾಗಿ ಕೂತಳು.

"ಪ್ರಿಯಾಂಕ, ನಿಮ್ಮಪ್ಪನ ಕಾರ್‍ನಲ್ಲಿ ಐದು ಜನ ಹೊಂಟಿದ್ವಿ. ಬ್ರಾಕೆಟ್ನಲ್ಲಿ ಅಜ್ಜಿ ಕೂಡ್ಸು ತಾತ. ಕಳ್ದ್ರೆ ಎಷ್ಟು?"

ಯಜಮಾನರು ಮೊಮ್ಮಗಳ ಕಡೆ ಬಾಗಿ ಪಿಸುಗುಟ್ಟಿದರು: "ನೀನು ಮೊದ್ಲು ಮಾಡ್ತಿದ್ದಂಗೇ ಮಾಡವ್ವ. ಅಜ್ಜೀನ ಕಳಿ, ನನ್ನ ಕೂಡ್ಸು."

ಪ್ರಿಯಾಂಕ ತಲೆ ಎತ್ತಲೇ ಇಲ್ಲ. ಐದರಲ್ಲಿ ಮೂರು ಭಾಗ ಎಂದು ದುಂಡಗೆ ಬರೆದು, ಕೆಳಗೆ ಎರಡು ಗೆರೆ ಎಳೆದಳು. ನನ್ನ ಶಿಷ್ಯೆಗೆ ಬ್ರಾಕೆಟ್ಟು ಬಂದಿತ್ತು!

ರೇಷ್ಮೆ ಸೀರೆಯ ಮೇಡಂ ಜಗುಲಿಯ ಮೇಲೆ ನಿಂತು ಕಾರಿಗೆ ಟಾಟಾ ಮಾಡಿದರು.