ನನ್ನ ಉಬ್ಬಸ ಪಾಠವಾದದ್ದು

ಜ್ವರಕ್ಕೆ ಇರುವ ಮರ್ಯಾದೆ ಉಬ್ಬಸಕ್ಕಿಲ್ಲ. ಜ್ವರ ಬಂದವನು ಕಂಬಳಿ ಹೊದ್ದು ಮಲಗಿದರೆ ನಾಲ್ಕು ಜನ ಬಂದು ಮೈ ಮುಟ್ಟಿ ನೋಡುತ್ತಾರೆ, ಗಂಜಿ ಕಳಿಸುತ್ತಾರೆ. ಉಬ್ಬಸವಾದರೋ ಬೆಳಿಗ್ಗೆ ಕತ್ತು ಹಿಸುಕಿ ಮಧ್ಯಾಹ್ನಕ್ಕೆ ಬಿಟ್ಟುಹೋಗುತ್ತದೆ. ಸಂಜೆ ಕೆರೆಯ ಕಡೆ ನೆಟ್ಟಗೆ ನಡೆದುಹೋಗುವ ನನ್ನನ್ನು ಕಂಡವರು, "ಬೆಳಿಗ್ಗೆ ಸಾಯಂಗೆ ಮಾಡ್ತಿದ್ರು, ಈಗ ನೋಡ್ರಿ" ಎಂದು ನಗುತ್ತಿದ್ದರು. ಹತ್ತು ವರ್ಷ ಈ ರೋಗದ ಜೊತೆ ಸಂಸಾರ ಮಾಡಿದ ಮೇಲೆ, ನಾನು ನಿಜವಾಗಿಯೂ ನಾಟಕವಾಡುತ್ತಿದ್ದೇನೆಯೇ ಎಂದು ನನಗೇ ಒಮ್ಮೊಮ್ಮೆ ಅನುಮಾನ ಬರುತ್ತಿತ್ತು.

ಆಗ ನಾನು ಹೊಳಲ್ಕೆರೆಯ ಸರ್ಕಾರಿ ಶಾಲೆಯಲ್ಲಿ ಮೂರನೆಯ ತರಗತಿಯ ಮೇಷ್ಟ್ರು. ವರ್ಷದಲ್ಲಿ ಹನ್ನೊಂದು ತಿಂಗಳು ರೋಗವೂ ನಾನೂ ಹೇಗೋ ಹೊಂದಿಕೊಂಡಿರುತ್ತಿದ್ದೆವು. ಕುಡಿಯಲು ಬಿಸಿನೀರು, ಉಣ್ಣಲು ಮೆಣಸಿನ ಸಾರು. ಮಜ್ಜಿಗೆ ಕಂಡರೆ ಮುಖ ತಿರುಗಿಸಬೇಕು. ತೀರಾ ಕೆಟ್ಟರೆ ಒಣಗಿಸಿದ ಉಮ್ಮತ್ತಿ ಎಲೆಯನ್ನು ಸುತ್ತಿ ಹೊಗೆ ಎಳೆಯಬೇಕು. ನಾನು ಹಿತ್ತಿಲಲ್ಲಿ ಹಾಗೆ ಕೂತಿದ್ದನ್ನು ಪಕ್ಕದ ಮನೆಯವರು ಗೋಡೆಯ ಮೇಲಿಂದ ನೋಡಿ, ಮೇಷ್ಟ್ರು ಗಾಂಜಾ ಸೇದುತ್ತಾರೆಂದು ಬೀದಿಗೆಲ್ಲ ಸಾರಿದರು. ನಾನು ಅದನ್ನು ಅಲ್ಲಗಳೆಯಲು ಹೋಗಲಿಲ್ಲ. ಗಾಂಜಾವನ್ನು ಊರು ಕ್ಷಮಿಸುತ್ತದೆ, ರೋಗವನ್ನು ಇಲಾಖೆ ಕ್ಷಮಿಸುವುದಿಲ್ಲ. ನನಗಿಂತ ಮುಂಚೆ ಇದ್ದ ಮೇಷ್ಟ್ರನ್ನು, ಬಿಡದ ಕೆಮ್ಮಿನ ಕಾರಣಕ್ಕೆ ಕೆಲಸಕ್ಕೆ ಅನರ್ಹ ಎಂದು ಬರೆದು ಮನೆಗೆ ಕಳಿಸಿದ್ದರು.

ಹನ್ನೆರಡನೆಯ ತಿಂಗಳು ಇನ್‌ಸ್ಪೆಕ್ಟರ್ ಸಾಹೇಬರದು. ಅವರು ಬರುವುದು ಪುಷ್ಯದ ಕೊರೆಯುವ ಚಳಿಯಲ್ಲೇ. ಅವರು ಬರುತ್ತಾರೆಂದರೆ ಶಾಲೆಗೆ ಸುಣ್ಣ ಬಳಿಯಬೇಕು, ಅಟ್ಟದ ಮೇಲಿನ ಹಳೆಯ ಭೂಪಟಗಳನ್ನು ಇಳಿಸಿ ಧೂಳು ಕೊಡವಬೇಕು, ಮಕ್ಕಳಿಗೆ ಪದ್ಯ ಬಾಯಿಪಾಠ ಮಾಡಿಸಬೇಕು. ಈ ಮೂರೂ ನನ್ನ ಎದೆಗೆ ಆಗದ ಕೆಲಸಗಳು. ಮೂರೂ ನನ್ನ ಪಾಲಿಗೇ ಬಂದವು. ಹೆಡ್ ಮೇಷ್ಟ್ರು ಗುರುಬಸಪ್ಪನವರು ಮೂಗಿಗೆ ಅಂಗವಸ್ತ್ರ ಹಿಡಿದು ಬಾಗಿಲಲ್ಲೇ ನಿಂತು, "ನಲವತ್ತು ಹುಡುಗ್ರೂ ಪದ್ಯನ ಒಂದೇ ಬಾಯಾಗೆ ಹೇಳ್ಬೇಕು ನೋಡ್ರಿ. ಒಬ್ಬ ತಪ್ಪಿದ್ರೂ ನನ್ ಮರ್ಯಾದೆ ಹೋಗ್ತೈತೆ" ಎಂದು ಹೇಳಿ ಹೋದರು.

ಮನೆಯಾಕೆ ಕಷಾಯದ ಲೋಟವನ್ನು ನನ್ನ ಮುಂದೆ ಕುಕ್ಕಿದಳು. "ಒಂದು ಅರ್ಜಿ ಬರ್ಕೊಟ್ಟು ಎಂಟು ದಿನ ಮನ್ಯಾಗೆ ಇರ್ರಿ."

"ಅರ್ಜಿ ಬರೆದ್ರೆ ಎಂಟು ದಿನ ಅಲ್ಲ, ಕಾಯಂ ಮನ್ಯಾಗೇ ಇರ್ಬೇಕಾಗ್ತೈತೆ."

"ಇದ್ರೆ ಇರ್ರಿ. ಉಸ್ರಾದ್ರೂ ಇರ್ತೈತೆ."

ನಾನು ಇಪ್ಪತ್ತು ದಿನ ಪದ್ಯ ಹೇಳಿಕೊಟ್ಟೆ. ಕೆರೆಯ ಮೇಲಿನ ಸಾಮಾನ್ಯ ಪದ್ಯ ಅದು. ನಾನು ಒಂದು ಸಾಲು ಹೇಳುವುದು, ಮಕ್ಕಳು ಹಿಂದೆ ಹೇಳುವುದು. ಸಾಲಿನ ನಡುವೆ ನನ್ನ ಉಸಿರು ಕಟ್ಟುತ್ತಿತ್ತು. ನಿಂತು, ಎಳೆದುಕೊಂಡು, ಮುಂದುವರಿಯುತ್ತಿದ್ದೆ. ಮಕ್ಕಳ ಮುಖ ನೋಡುವಷ್ಟು ತ್ರಾಣ ನನ್ನಲ್ಲಿರಲಿಲ್ಲ.

ಸಾಹೇಬರು ಬಂದರು. ಮೈಸೂರಿನ ಕಡೆಯವರು, ಜರಿಪೇಟ, ಕನ್ನಡಕ. ಕುರ್ಚಿಯಲ್ಲಿ ಕುಳಿತು ಪದ್ಯ ಹೇಳಿಸಿ ಎಂದರು. ನಲವತ್ತು ಮಕ್ಕಳು ಎದ್ದು ಕೈಕಟ್ಟಿ ನಿಂತರು.

"ಕೆರೆಯ ಏರಿಯ ಮೇಲೆ..." ಎಂದು ಹೇಳಿ ಎಲ್ಲರೂ ನಿಂತುಬಿಟ್ಟರು. ನಲವತ್ತು ಭುಜಗಳು ಒಟ್ಟಿಗೆ ಮೇಲೆದ್ದವು. ನಲವತ್ತು ಗಂಟಲುಗಳಿಂದ "ಹೀ...ಕ್" ಎಂಬ ದೀರ್ಘವಾದ ಸದ್ದು ಹೊರಟಿತು. ಆಮೇಲೆ, "ನಡೆವ ದನಗಳ ಸಾಲು!"

ಎರಡನೆಯ ಸಾಲಿನಲ್ಲೂ ಹಾಗೆಯೇ ಆಯಿತು. ಮೂರನೆಯದರಲ್ಲಿ ಎರಡು ಸಲ, ಏಕೆಂದರೆ ಅದು ಉದ್ದದ ಸಾಲು. ಯಾರ ಮುಖದಲ್ಲೂ ಕುಚೇಷ್ಟೆ ಇರಲಿಲ್ಲ. ಪದ್ಯವೆಂದರೆ ಹೀಗೇ ಎಂದು ನಂಬಿ, ಭಕ್ತಿಯಿಂದ ಹೇಳುತ್ತಿದ್ದರು. ಗುರುಬಸಪ್ಪನವರ ಮುಖ ಹೊಸ ಸುಣ್ಣದ ಗೋಡೆಯ ಬಣ್ಣಕ್ಕೆ ತಿರುಗಿತು.

"ನಡುವೆ ಇದೇನು ಮೇಷ್ಟ್ರೇ?" ಎಂದರು ಸಾಹೇಬರು.

ನನಗೆ ಉಬ್ಬಸ, ಸ್ವಾಮಿ, ಎನ್ನಬಹುದಿತ್ತು. ಇಲಾಖೆಯಿಂದ ಹತ್ತು ವರ್ಷ ಮುಚ್ಚಿಟ್ಟದ್ದು ಅಲ್ಲಿಗೆ ಮುಗಿಯುತ್ತಿತ್ತು, ಬಹುಶಃ ಕೆಲಸವೂ. ಆದರೆ ನನ್ನ ಬಾಯಿಂದ ಬಂದದ್ದು ಬೇರೆ. "ಯತಿ, ಸ್ವಾಮಿ. ಪದ್ಯದಲ್ಲಿ ನಿಲ್ಲಬೇಕಾದ ಸ್ಥಾನ. ಹಿಂದಿನವರು ಹೀಗೆಯೇ ಹೇಳುತ್ತಿದ್ದರು."

ಸಾಹೇಬರು ಇಂಗ್ಲಿಷ್ ಓದಿದವರು. ಹಿಂದಿನವರು ಹೇಗೆ ಹೇಳುತ್ತಿದ್ದರೆಂದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ನಮ್ಮೆದುರು ಹೇಳಲು ಅವರಿಂದಾಗುವಂತಿರಲಿಲ್ಲ. ನಿಧಾನವಾಗಿ ತಲೆಯಾಡಿಸಿ, "ಹೌದು ಹೌದು, ಯತಿ. ಈಗ ಯಾರೂ ಪಾಲಿಸುವುದಿಲ್ಲ" ಎಂದರು. ತಪಾಸಣೆಯ ಪುಸ್ತಕ ತರಿಸಿ, ಹೆಡ್ ಮೇಷ್ಟ್ರ ಶಿಸ್ತನ್ನು ಹೊಗಳಿ ಅರ್ಧ ಪುಟ ಬರೆದರು.

ಆ ಅರ್ಧ ಪುಟದಿಂದ ಗುರುಬಸಪ್ಪನವರಿಗೆ ಚಿತ್ರದುರ್ಗದ ದೊಡ್ಡ ಶಾಲೆ ಸಿಕ್ಕಿತು. ನನಗೆ ಸಿಕ್ಕಿದ್ದು ಒಂದು ಹುಕುಂ: ಸುತ್ತಿನ ಶಾಲೆಗಳಿಗೆ ಹೋಗಿ ಅಲ್ಲಿನ ಮೇಷ್ಟ್ರುಗಳಿಗೆ ಯತಿಯ ಕ್ರಮವನ್ನು ಕಲಿಸಿ ಬರತಕ್ಕದ್ದು. ಮನೆಯಾಕೆ ಹುಕುಮನ್ನು ಓದಿಸಿಕೊಂಡು ಕೇಳಿ, ಉಮ್ಮತ್ತಿ ಎಲೆಯನ್ನು ಗಂಟು ಕಟ್ಟಿಕೊಟ್ಟಳು. ಅವಳು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಎತ್ತಿನ ಗಾಡಿಯ ಧೂಳಿನಲ್ಲಿ ಒಂದು ತಿಂಗಳು ತಿರುಗಿದೆ. ಒಂದೂರಿನಲ್ಲಿ ಪದ್ಯ ಮುಗಿಯುವ ಮೊದಲೇ ನೆಲಕ್ಕೆ ಕುಸಿದೆ. ಕೂತು ಹೇಳುವುದೂ ಕ್ರಮದಲ್ಲೇ ಸೇರಿದೆಯೇ ಎಂದು ಅಲ್ಲಿನ ಮೇಷ್ಟ್ರು ವಿನಯದಿಂದ ಕೇಳಿದರು.

ಕೊನೆಗೆ ಬಾಗೂರು. ಅಲ್ಲಿನ ಮೇಷ್ಟ್ರು ಗರಡಿಯಲ್ಲಿ ಸಾಮು ಮಾಡಿದ ಆಳು. ನಾಲ್ಕು ಸಾಲನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿ, "ನಡುವೆ ಉಸಿರು ಯಾಕ್ರೀ ತಗಬೇಕು? ನನಗೆ ಬೇಕೇ ಆಗಲ್ವಲ್ರೀ!" ಎಂದರು.

"ಬೇಕಾಗದಿದ್ದರೂ ತಗೋಬೇಕು. ಸಾಹೇಬರ ಹುಕುಂ."

"ಹಂಗಾದ್ರೆ ನೀವೊಂದ್ಸಲ ಹೇಳಿ ತೋರಿಸ್ರಿ."

ಆ ಹೊತ್ತಿಗೆ ಚಳಿ ಹೋಗಿ ಒಳ್ಳೆಯ ಬಿಸಿಲು ಬಿದ್ದಿತ್ತು. ಎಷ್ಟೋ ತಿಂಗಳ ಮೇಲೆ ಅಂದು ನನ್ನ ಎದೆ ತೊಳೆದಿಟ್ಟಂತೆ ಹಗುರವಾಗಿತ್ತು. ಇಡೀ ಸಾಲನ್ನು ನಾನೂ ಒಂದೇ ಉಸಿರಿಗೆ ಹೇಳಬಲ್ಲವನಾಗಿದ್ದೆ. ನಾನು ಗಂಟಲು ಸರಿಮಾಡಿಕೊಂಡೆ, ನಡುವೆ ನಿಂತೆ, ಭುಜ ಎತ್ತಿದೆ, ಬೇಕೆಂದೇ ಕಣ್ಣು ಮೇಲುಮಾಡಿ ಉಸಿರು ಎಳೆದೆ. ಪೈಲ್ವಾನ್ ಮೇಷ್ಟ್ರು ಹಾಗೆಯೇ ಮಾಡಿದರು. ನಾನು ತಲೆ ಓರೆಮಾಡಿ ಗಮನವಿಟ್ಟು ಕೇಳಿ, "ಪರವಾಗಿಲ್ಲ ಮೇಷ್ಟ್ರೇ, ಆದರೆ ಇನ್ನೂ ಸ್ವಲ್ಪ ಕಷ್ಟಪಡಬೇಕು" ಎಂದೆ.