ಮಂಗಳವಾರದ ಆದಿಮಾನವ

ಊರಾಚೆಯ ಗುಹೆಯಲ್ಲಿ ಮನುಷ್ಯವಾಸ ಆರಂಭವಾದದ್ದು ಹೋದ ತಿಂಗಳ ಒಂದು ಮಂಗಳವಾರ ಎಂದು ಪ್ರಾಚ್ಯವಸ್ತು ಇಲಾಖೆ ಅಧಿಕೃತವಾಗಿ ಪ್ರಕಟಿಸಿದೆ. ಈ ಬಗ್ಗೆ ಯಾರಿಗೂ ತಕರಾರಿಲ್ಲ.

ಮೊದಲು ಇಲಾಖೆಯ ಸಂಶೋಧಕಿಗೆ ಸ್ವಲ್ಪ ತಕರಾರಿತ್ತು. ಗುಹೆಯ ನೆಲದಡಿ ಅವಳಿಗೆ ಒಂದು ಒಲೆ ಸಿಕ್ಕಿತ್ತು: ಸುಟ್ಟ ಮಣ್ಣು, ಬಿರಿದ ಕಲ್ಲು, ಯಾರೋ ಕಡಿದು ಎಸೆದ ಮೂಳೆ. ಮೇಲೆ ಒಂದು ಮೊರದಷ್ಟು ಮರಳು. ಮರಳಿನ ವಯಸ್ಸು ತಿಳಿದರೆ ಒಲೆಯದೂ ತಿಳಿಯುತ್ತಿತ್ತು. ತಿಳಿಯದಿದ್ದರೆ ಒಲೆ ಪುರಾವೆಯಾಗುವುದಿಲ್ಲ; ಮನುಷ್ಯವಾಸ ಸಾಬೀತಾಗದ ಗುಹೆಗಳನ್ನು ಜಲ್ಲಿ ಕ್ರಷರಿಗೆ ವಹಿಸತಕ್ಕದ್ದು ಎಂದು ನಿಯಮವಿದೆ. ಕ್ರಷರಿನವರು ಯಂತ್ರ ತಂದು ಹೊರಗೆ ಕಾಯುತ್ತಿದ್ದರು.

ಮರಳು ಎಷ್ಟು ಕಾಲ ಬೆಳಕು ಕಾಣದೆ ಬಿದ್ದಿತ್ತು ಎಂಬುದನ್ನು ಪ್ರಯೋಗಾಲಯ ಅಳೆಯುತ್ತದೆ. ಹಾಗಾಗಿ ಅದನ್ನು ಕತ್ತಲಲ್ಲೇ ತೆಗೆಯಬೇಕು. ಬೆಳಕು ಬಿದ್ದರೆ ಲೆಕ್ಕ ಮತ್ತೆ ಸೊನ್ನೆಯಿಂದ ಶುರು.

"ಕತ್ತಲಲ್ಲಾ?" ಎಂದರು ಇಲಾಖೆಯ ನಿರ್ದೇಶಕರು. "ಕತ್ತಲಲ್ಲಿ ಉದ್ಘಾಟನೆ ಹೇಗಮ್ಮಾ ಮಾಡೋದು? ನನ್ನ ಮುಖ ಕಾಣಬೇಡ್ವಾ?"

"ಮುಖ ಆಮೇಲೆ ಕಾಣ್ಲಿ ಸಾರ್. ಒಂದೆಳೆ ಬೆಳಕು ಬಿದ್ರೂ ಎಲ್ಲಾ ಹೋಯ್ತು."

"ಒಂದೇ ಒಂದು ಫೋಟೋ. ಕಣ್ಣು ಮುಚ್ಚಿ ಬಿಡೋದ್ರೊಳಗೆ ಮುಗೀತು."

ಮಂಗಳವಾರ ಜನರೇಟರ್ ಬಂತು, ಫೋಕಸ್ ಲೈಟುಗಳು ಬಂದವು. ನಿರ್ದೇಶಕರು ಅಷ್ಟೂ ಮರಳನ್ನು ಬೊಗಸೆ ಬೊಗಸೆಯಾಗಿ ಎತ್ತಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ತೋರಿಸಿ ಡಬ್ಬಿಗೆ ಸುರಿದರು. ಸಂಶೋಧಕಿ ಗೋಡೆ ಕಡೆ ತಿರುಗಿ ನಿಂತಿದ್ದಳು. ಫೋಟೋದಲ್ಲಿ ಅವಳ ಜಡೆ ಮಾತ್ರ ಬಂದಿದೆ.

ಪ್ರಯೋಗಾಲಯದ ಉಪಕರಣಕ್ಕೆ ದಾಕ್ಷಿಣ್ಯವಿಲ್ಲ. ಮಂಗಳವಾರ ಎಂದಿತು.

"ಹಾಗಾದ್ರೆ ಗುಹೆ ಹೋಯ್ತಾ?" ನಿರ್ದೇಶಕರ ಮುಖ ಸಣ್ಣಗಾಯಿತು.

ಒಲೆಯ ವಯಸ್ಸು ಇನ್ನು ಯಾರಿಗೂ ತಿಳಿಯುವುದಿಲ್ಲವೆಂದು ಅವಳು ಆಗಲೇ ಅತ್ತು ಮುಗಿಸಿದ್ದಳು. "ಯಾಕೆ ಹೋಗುತ್ತೆ ಸಾರ್? ಮನುಷ್ಯರು ಇದ್ರು ಅಂತ ಸಾಬೀತಾದ್ರೆ ಸಾಕು. ಎಷ್ಟು ಹಳಬರು ಅಂತ ನಿಯಮದಲ್ಲಿಲ್ಲ. ಮಂಗಳವಾರ ಮೊದಲು ಒಳಗೆ ಕಾಲಿಟ್ಟಿದ್ದು ಯಾರು?"

"ನಾನೇ. ಉದ್ಘಾಟನೆಗೆ ಮುಂಚೆ ಹೋದೋರು ಲೆಕ್ಕಕ್ಕಿಲ್ಲ."

"ಅಭಿನಂದನೆ ಸಾರ್."

ಪ್ರಕಟಣೆ ಹೊರಬಿತ್ತು: "ಸದರಿ ಗುಹೆಯ ಆದಿಮಾನವನು ಎರಡು ಕಾಲಿನ ಮೇಲೆ ನಡೆಯುತ್ತಿದ್ದು, ಟೈ ಕಟ್ಟುತ್ತಿದ್ದನೆಂದೂ ಬಿಸ್ಕತ್ತು ಸೇವಿಸುತ್ತಿದ್ದನೆಂದೂ ಪುರಾವೆಗಳು ಲಭ್ಯವಾಗಿವೆ. ನಿಯಮಾನುಸಾರ ಅವಶೇಷಗಳನ್ನು ಸ್ಥಳದಿಂದ ಕದಲಿಸತಕ್ಕದ್ದಲ್ಲ." ಕೆಳಗೆ ನಿರ್ದೇಶಕರ ರುಜು. ಕ್ರಷರಿನವರು ಯಂತ್ರ ಎತ್ತಿಕೊಂಡು ಹೋದರು. ನಿರ್ದೇಶಕರ ಮೇಜು ಕುರ್ಚಿ ಗುಹೆಗೆ ಬಂದವು.

ಅವರ ಹೆಂಡತಿ ದಿಂಬು ತಂದರು. "ಮನೆಗೆ ಬರೋದು ಯಾವಾಗ್ರೀ?"

"ಕದಲೋ ಹಾಗಿಲ್ಲ ಕಣೇ."

"ಮನೇಲಿ ಮಾತ್ರ ಏನು ಕದಲ್ತಿದ್ರಿ!" ಎಂದು ದಿಂಬು ಕೊಟ್ಟು, ಪರದೆಗೆ ಅಳತೆ ತೆಗೆದುಕೊಂಡು ಹೋದರು.

ಈಗ ಶಾಲೆಯ ಮಕ್ಕಳು ಸಾಲಾಗಿ ಬರುತ್ತಾರೆ. ಸಂಶೋಧಕಿ ಮೊದಲು ಒಲೆ ತೋರಿಸುತ್ತಾಳೆ, ಆಮೇಲೆ ನಿರ್ದೇಶಕರನ್ನು. ಮೊದಲ ದಿನ ಅವರು ಟೈ ಸರಿಮಾಡಿಕೊಂಡು, ನಾಲ್ಕು ಮಾತು ಆಡೋಣವೆಂದು ಎದ್ದು ನಿಂತಿದ್ದರು.

"ಸಾರ್," ಎಂದಳು ಅವಳು ಮೆಲ್ಲಗೆ, "ಭಾಷೆ ಇನ್ನೂ ಹುಟ್ಟಿಲ್ಲ."

"ಓ, ಹೌದಲ್ವಾ" ಎಂದು ಬಾಯಿಗೆ ಬಂದದ್ದನ್ನು ತಡೆದು, ಅವರು ತಲೆ ಮಾತ್ರ ಆಡಿಸಿ ಕೂತರು. ಮಕ್ಕಳು ಚಪ್ಪಾಳೆ ತಟ್ಟಿದರು.